ಬಿತ್ತನೆ ರಾಗಿಯನ್ನೇ ಲಾರಿಗೆ ತುಂಬಿದರು

ನಮ್ಮ ಬಡಾವಣೆಯ ಕೆರೆಗೆ ಹೊಸ ಬೋರ್ಡು ಬಂದಿದೆ. ‘ಪುನಶ್ಚೇತನಗೊಂಡ ಕೆರೆ’ ಅಂತ ದಪ್ಪಕ್ಷರದಲ್ಲಿ ಬರೆಸಿದ್ದಾರೆ. ಬೋರ್ಡಿನ ತುಂಬ ಮುಖಗಳು. ಮುಖಗಳ ಕೆಳಗೆ ಕೈಮುಗಿದ ಮತ್ತಷ್ಟು ಮುಖಗಳು. ಕೆರೆಯ ಚಿತ್ರಕ್ಕೆ ಮಾತ್ರ ಜಾಗ ಸಾಲಲಿಲ್ಲ.

ಮೊನ್ನೆ ಬೆಳಿಗ್ಗೆ ಹಳೇ ಉಪ್ಪಿನಕಾಯಿ ಬಾಟಲಿ ತೊಳೆದುಕೊಂಡು ಹೋದೆ. ತೂಬಿನ ಹತ್ತಿರ ನೀರು ತುಂಬಿ ಬಿಸಿಲಿಗೆ ಹಿಡಿದೆ. ಹಸಿರು ನೀರು. ಅಷ್ಟೇ. ಹತ್ತು ನಿಮಿಷ ಹಿಡಿದುಕೊಂಡು ನಿಂತೆ. ಒಂದು ಚುಕ್ಕಿಯೂ ಅಲ್ಲಾಡಲಿಲ್ಲ.

ಕಾಮಗಾರಿಗೆ ಮುಂಚೆ ಇದೇ ತೂಬು, ಇದೇ ಬಾಟಲಿ. ಆಗ ಒಳಗೆ ಜಾತ್ರೆ ನಡೆಯುತ್ತಿತ್ತು. ಸಾಸಿವೆ ಕಾಳಿಗಿಂತ ಸಣ್ಣ ಜೀವಗಳು. ಮೀಸೆ ಬೀಸಿ ಮೇಲಕ್ಕೆ ಜಿಗಿಯುತ್ತಿದ್ದವು, ಮೆಲ್ಲಗೆ ಇಳಿಯುತ್ತಿದ್ದವು, ಮತ್ತೆ ಜಿಗಿಯುತ್ತಿದ್ದವು. ನೀರುಚಿಗಟಗಳು. ಕೆಲವು ಕೆಂಪಗಿದ್ದವು. ಉಸಿರಿಗೆ ಗಾಳಿ ಸಾಲದ ನೀರಿನಲ್ಲಿ ಈ ಜೀವಿಗಳು ಮೈಯಲ್ಲಿ ಹಿಮೋಗ್ಲೋಬಿನ್ ಹೆಚ್ಚಿಸಿಕೊಳ್ಳುತ್ತವೆ, ಅದಕ್ಕೇ ಆ ಕೆಂಪು. ಚರಂಡಿ ಬಂದು ಬೀಳುತ್ತಿದ್ದ ಕೆರೆಯಲ್ಲಿ ಅವು ಜೀವ ಹಿಡಿದುಕೊಂಡು ನಿಂತಿದ್ದವು. ಚರಂಡಿಯ ಕೈಲಿ ಸಾಯದವು ಪುನಶ್ಚೇತನದ ಕೈಲಿ ಸತ್ತವು.

ಕಾಮಗಾರಿ ನೋಡಿಕೊಳ್ಳುತ್ತಿದ್ದ ಎಂಜಿನಿಯರನ್ನು ಕೇಳಿದ್ದೆ. ಆತ ನಕ್ಕ. ‘ಹುಳಾನಾ ಸಾರ್? ಹುಳ ಹೋದ್ರೆ ಒಳ್ಳೇದೇ ಅಲ್ವಾ?’

ಒಳ್ಳೇದೇ? ಆ ಹುಳ ಏನು ಮಾಡುತ್ತದೆ ಗೊತ್ತೇನ್ರೀ? ಹಗಲೂ ರಾತ್ರಿ ನೀರನ್ನು ಸೋಸುತ್ತದೆ. ಪಾಚಿಯನ್ನು ಮೇಯುತ್ತದೆ. ತಾನು ಮೀನುಮರಿಯ ಬಾಯಿಗೆ ತುತ್ತಾಗುತ್ತದೆ. ಆ ಮೀನನ್ನು ನಂಬಿಕೊಂಡು ಮಿಂಚುಳ್ಳಿ, ನೀರುಕಾಗೆ, ಬಲೆ ಹಿಡಿದ ಮನುಷ್ಯ. ಬಿಲ್ಲು ಕೇಳದೆ, ಕರೆಂಟು ಕೇಳದೆ, ಟೆಂಡರು ಕರೆಯದೆ ದುಡಿಯುವ ಕೂಲಿಯಾಳು ಅದು. ಅದನ್ನು ಕೊಂದು ಆ ಜಾಗಕ್ಕೆ ಕಾರಂಜಿ ತಂದು ಕೂರಿಸಿದಿರಿ. ಕಾರಂಜಿ ಪಾಚಿ ತಿನ್ನುತ್ತದೆಯೇ?

ಈಗ ಹೂಳಿನ ವಿಷಯಕ್ಕೆ ಬರೋಣ. ಹೊಟ್ಟೆ ಉರಿಯುವುದು ಅಲ್ಲೇ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಹಗೇವು ಇರುತ್ತಿತ್ತು. ನೆಲದೊಳಗಿನ ಕಣಜ. ಅದರಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಎಂಥ ಬರ ಬಂದರೂ ಬಿತ್ತನೆ ರಾಗಿಗೆ ಮಾತ್ರ ಯಾರೂ ಕೈ ಹಾಕುತ್ತಿರಲಿಲ್ಲ. ಕೆರೆಗೂ ಒಂದು ಹಗೇವು ಇದೆ. ಅದು ಕೆರೆಯ ತಳದ ಮಣ್ಣು. ನೀರು ಚೆನ್ನಾಗಿದ್ದಾಗ ನೀರುಚಿಗಟದ ಹೆಣ್ಣು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ. ಕೆಟ್ಟ ಕಾಲ ಬಂತು ಅನ್ನಿ, ಗಂಡುಗಳು ಹುಟ್ಟುತ್ತವೆ, ಹೆಣ್ಣು ಗಟ್ಟಿ ಕವಚದ ಮೊಟ್ಟೆ ಕಟ್ಟುತ್ತದೆ. ಕುದುರೆಯ ಬೆನ್ನಿನ ಜೀನಿನ ಆಕಾರದ ಕವಚ ಅದು. ಮಣ್ಣಿಗೆ ಬಿದ್ದು ಮಲಗುತ್ತದೆ. ಕೆರೆ ಬತ್ತಲಿ, ಅಂಗಳ ಬಿರುಕು ಬಿಡಲಿ, ಹೆದರುವುದಿಲ್ಲ. ಹತ್ತಾರು ವರ್ಷ ಮಲಗಿದ ಮೊಟ್ಟೆಯೂ ನೀರು ಸೋಕಿದರೆ ಒಡೆದು ಮರಿಯಾಗಬಲ್ಲದು. ಮುಂಗಾರಿನ ನೀರು ನಿಂತ ಕೆಲವೇ ದಿನಕ್ಕೆ ಬತ್ತಿದ ಕೆರೆ ಮತ್ತೆ ಮಿಸುಕಾಡುವುದು ಇದರಿಂದ.

ನೀವು ಮಾಡಿದ್ದೇನು? ಕೆರೆಯನ್ನು ಪೂರಾ ಬರಿದು ಮಾಡಿದಿರಿ. ಜೆಸಿಬಿ ಇಳಿಸಿದಿರಿ. ಈ ದಡದಿಂದ ಆ ದಡದವರೆಗೆ ಕೆರೆದಿರಿ. ಗಟ್ಟಿ ನೆಲ ಸಿಕ್ಕಿದ ಮೇಲೂ ಕೆರೆದಿರಿ, ಯಾಕೆಂದರೆ ಬಿಲ್ಲು ಆಗುವುದು ತೆಗೆದ ಮಣ್ಣಿನ ಲೆಕ್ಕದ ಮೇಲೆ. ಬಿತ್ತನೆ ರಾಗಿಯನ್ನೆಲ್ಲ ಲಾರಿಗೆ ತುಂಬಿ ಯಾವುದೋ ಸೈಟಿನ ಗುಂಡಿಗೆ ಸುರಿದು ಬಂದಿರಿ. ಆಮೇಲೆ ಬೋರ್ಡು ಹಾಕಿದಿರಿ. ಪುನಶ್ಚೇತನ!

ಹೂಳು ತೆಗೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಚರಂಡಿಯ ಕಪ್ಪು ಕೆಸರು, ಕಾರ್ಖಾನೆಯ ವಿಷ, ಗಣೇಶನ ಬಣ್ಣ ಬೆರೆತ ಮಣ್ಣು ಹೊರಗೆ ಹೋಗಲಿ. ನಮ್ಮ ರೈತರೂ ಬೇಸಿಗೆಯಲ್ಲಿ ಗೋಡು ಹೊಡೆಯುತ್ತಿದ್ದರು. ಎತ್ತಿನ ಗಾಡಿ ಇಳಿಯುವ ಕಡೆ, ಹೊಲಕ್ಕೆ ಬೇಕಾದಷ್ಟು. ಒಂದೇ ಸಲಕ್ಕೆ ಇಡೀ ಕೆರೆಯ ಚರ್ಮ ಸುಲಿದವರಲ್ಲ ಅವರು. ಒಂದು ಬದಿ ತೆಗೆದು ಇನ್ನೊಂದು ಬದಿ ಬಿಡಲು, ಒಳ್ಳೆಯ ದಡದ ನಾಲ್ಕು ಬುಟ್ಟಿ ಮಣ್ಣು ಎತ್ತಿಟ್ಟು ನೀರು ಬಂದ ಮೇಲೆ ವಾಪಸು ಹಾಕಲು ಎಷ್ಟು ಖರ್ಚಾಗುತ್ತಿತ್ತು? ನಾಲ್ಕು ಬುಟ್ಟಿ ಮಣ್ಣಿಗೆ ಕಮಿಷನ್ ಹುಟ್ಟುವುದಿಲ್ಲ, ಅದೇ ತೊಂದರೆ.

ಆಮೇಲಿನ ಕಥೆ ಇನ್ನೂ ಚೆಂದ. ಕೆರೆಯ ಇಳಿಜಾರು ಅಂಚನ್ನು ಕಡಿದು ಕಲ್ಲು ಕಟ್ಟಿದರು. ಕೆರೆ ಬೋಗುಣಿಯಾಯಿತು. ಜೊಂಡು ಬೆಳೆಯುವ ಮೊಣಕಾಲುದ್ದದ ನೀರು ಹೋಯಿತು. ಸಣ್ಣ ಜೀವ ಮೀನಿನ ಕಣ್ಣು ತಪ್ಪಿಸಿ ಅಡಗುವ ಸಂದಿ ಹೋಯಿತು. ಸುತ್ತ ವಾಕಿಂಗ್ ಟ್ರ್ಯಾಕ್ ಬಂತು. ಟ್ರ್ಯಾಕಿಗೆ ಸಾಲು ದೀಪ ಬಂತು. ನೀರುಚಿಗಟ ಹಗಲು ಆಳದ ಕತ್ತಲಲ್ಲಿದ್ದು, ರಾತ್ರಿ ಮೇಲೆ ಬಂದು ಪಾಚಿ ಮೇಯುವ ಪ್ರಾಣಿ. ರಾತ್ರಿಯನ್ನೇ ಹಗಲು ಮಾಡಿದರೆ ಅದು ಮೇಲೆ ಬರುವುದು ಯಾವಾಗ? ಉದ್ಘಾಟನೆಯ ದಿನ ಕಾಟ್ಲಾ ಮೀನುಮರಿ ಬಿಟ್ಟು ಚಪ್ಪಾಳೆ ಹೊಡೆಸಿಕೊಂಡರು. ಕಾಟ್ಲಾ ತಿನ್ನುವುದು ಏನನ್ನು ಸ್ವಾಮಿ? ಇದೇ ಪ್ರಾಣಿಪ್ಲವಕಗಳನ್ನು, ಅಂದರೆ ನೀರಲ್ಲಿ ತೇಲುವ ಈ ಸಣ್ಣ ಜೀವಗಳನ್ನು. ಕಣಜ ಗುಡಿಸಿ ಖಾಲಿ ಮಾಡಿ, ನೆಂಟರನ್ನು ಊಟಕ್ಕೆ ಕರೆದ ಹಾಗಾಯಿತು.

ಈ ಬೆಂಗಳೂರಿಗೆ ಇದೇನು ಹೊಸ ಪಾಪವಲ್ಲ. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ಕೂತಿದೆ. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ. ಕೋರಮಂಗಲದ ಕೆರೆಯಂಗಳದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ. ಉಳಿದ ಬೆಳ್ಳಂದೂರಿಗೆ ಅರ್ಧ ನಗರದ ಕೊಳಚೆ ಹರಿಸಿದೆವು. 2015ರಲ್ಲಿ ಅದರ ನೊರೆಗೆ ಬೆಂಕಿ ಬಿತ್ತು. 2017ರಲ್ಲಿ ಮತ್ತೆ ಉರಿಯಿತು. 2018ರ ಜನವರಿಯಲ್ಲಿ ಬೆಂಕಿ ಆರಿಸಲು ಸೇನೆಯ ಯೋಧರು ಬರಬೇಕಾಯಿತು. ನೀರಿಗೆ ಬೆಂಕಿ! 2016ರಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಬೆಳ್ಳಂದೂರು ಮತ್ತು ಸುತ್ತಲ ಕೆರೆಗಳಿಗಾಗಿ 500 ಕೋಟಿ ರೂಪಾಯಿ ತೆಗೆದಿಡಿ ಅಂತ ಸರ್ಕಾರಕ್ಕೆ ಹೇಳಿತು, 50 ಕೋಟಿ ದಂಡವನ್ನೂ ಜಡಿಯಿತು. ದಂಡದ ದುಡ್ಡು ಯಾರದು? ನಿಮ್ಮದು, ನನ್ನದು. ಮೋರಿಯನ್ನು ರಾಜಕಾಲುವೆಗೆ ತಿರುಗಿಸಿದವನ ಜೇಬಿನಿಂದ ಒಂದು ಕಾಸಾದರೂ ಹೋಯಿತೇ?

ಕೆರೆಗೆ ದರ್ಜೆ ಕೊಡುವ ಪದ್ಧತಿ ನೋಡಿ. ‘ಎ’ಯಿಂದ ‘ಇ’ವರೆಗೆ ಐದು ದರ್ಜೆ. ನೀರಿನಲ್ಲಿ ಕರಗಿದ ಆಮ್ಲಜನಕ, ಕೊಳಚೆಯ ಭಾರ, ಕೋಲಿಫಾರ್ಮ್ ಬ್ಯಾಕ್ಟೀರಿಯಾ, ಅಮೋನಿಯಾ, ಇವೆಲ್ಲ ನೋಡಿ ದರ್ಜೆ ಬೀಳುತ್ತದೆ. ನೀರೊಳಗೆ ಪ್ರಾಣಿಪ್ಲವಕ ಇದೆಯೋ ಸತ್ತಿದೆಯೋ ಎಂಬುದು ಆ ದರ್ಜೆಯ ಲೆಕ್ಕಕ್ಕೇ ಇಲ್ಲ. ಒಂದು ಸಣ್ಣ ಬಲೆ, ಒಂದು ಸೂಕ್ಷ್ಮದರ್ಶಕ, ಎಣಿಸಬಲ್ಲ ಒಬ್ಬ ಎಂ.ಎಸ್ಸಿ. ಹುಡುಗಿ ಸಾಕು. ದೊಡ್ಡ ನೀರುಚಿಗಟಗಳು ಮಾಯವಾಗಿ ಬ್ರಾಕಿಯೋನಸ್‌ನಂಥ ಪುಟಾಣಿ ಚಕ್ರಜೀವಿಗಳೇ ಗಿಜಿಗುಟ್ಟಿದರೆ ಕೆರೆಗೆ ಕಾಯಿಲೆ ಅಂತ ಆಕೆ ಸಂಜೆಯೊಳಗೆ ಹೇಳುತ್ತಾಳೆ. ಕಾಮಗಾರಿಗೆ ಮುಂಚೆ ಒಮ್ಮೆ ಎಣಿಸಿ, ಮುಗಿದ ಮೇಲೆ ಒಮ್ಮೆ ಎಣಿಸಿ. ಎರಡನೆಯ ಎಣಿಕೆಯಲ್ಲಿ ಜೀವ ಕಾಣದಿದ್ದರೆ ಬಿಲ್ಲು ತಡೆಯಿರಿ. ಯಾಕೆ ಮಾಡುವುದಿಲ್ಲ? ಮಾಡಿದರೆ ಎಷ್ಟು ಬೋರ್ಡು ಕೀಳಬೇಕಾಗುತ್ತದೋ ಎಂಬ ಭಯ.

ಮತ್ತೆ ನಾವು? ನಾವೇನು ಸಾಚಾಗಳೇ? ಪೌಡರಿನ ನೊರೆ ಮೋರಿಗೆ ಬಿಟ್ಟವರು ನಾವು. ಅಪಾರ್ಟ್‌ಮೆಂಟಿನ ಕೊಳಚೆ ಘಟಕ ಕೆಟ್ಟು ಕೂತಿದ್ದರೂ ಸಭೆಯಲ್ಲಿ ಬಾಯಿ ಬಿಡದವರು ನಾವು. ಜೊಂಡು ಕಂಡರೆ ಗಲೀಜು, ಕೆಸರು ಕಂಡರೆ ಸೊಳ್ಳೆ ಅಂತ ಅರ್ಜಿ ಬರೆದವರೂ ನಾವೇ. ಕಲ್ಲು ಕಟ್ಟಿಸಿ, ದೀಪ ಹಾಕಿಸಿ, ಬೆಂಚು ಇಡಿಸಿ ಎಂದು ಶಾಸಕರ ಮನೆಯ ಬಾಗಿಲು ಬಡಿದವರ ಸಾಲಿನಲ್ಲಿ ನಾನೂ ನಿಂತಿದ್ದೆ. ಆ ಅರ್ಜಿಯಲ್ಲಿ ನನ್ನ ಸಹಿ ಇದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮುಂದಿನ ತಿಂಗಳು ಪಕ್ಕದ ಬಡಾವಣೆಯ ಕೆರೆಗೆ ಜೆಸಿಬಿ ಇಳಿಯುತ್ತದಂತೆ. ನಿನ್ನೆ ಸಂಜೆ ಅಲ್ಲಿಯ ಕೋಡಿಯ ಹತ್ತಿರ ಬಾಟಲಿ ಅದ್ದಿದೆ. ಚುಕ್ಕಿಗಳು ಜಿಗಿಯುತ್ತಿವೆ. ಜೆಸಿಬಿ ಬಂದ ದಿನ ಬೆಳಿಗ್ಗೆ ಆರಕ್ಕೆ ನಾನು ಅದರ ಮುಂದೆ ಇರುತ್ತೇನೆ. ಮನೆಯಲ್ಲಿ ಖಾಲಿ ಬಾಟಲಿ ಇದ್ದರೆ ತೊಳೆದುಕೊಂಡು ನೀವೂ ಬನ್ನಿ.