ಕಟ್ಟಡ ದತ್ತು ಕೊಡುವಾಗ ಕೇಳಬೇಕಾದದ್ದು ಯಾರನ್ನು? ವೆಂಕಟಪ್ಪ ಆರ್ಟ್ ಗ್ಯಾಲರಿ ಹೋರಾಟದ ಒಂದು ಅವಲೋಕನ

ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ, ಕಸ್ತೂರಬಾ ರಸ್ತೆಗೆ ಮುಖ ಮಾಡಿ, ಸರಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡದ ಪಕ್ಕದಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ. ಮೈಸೂರು ಅರಮನೆಯ ಆಶ್ರಯದಲ್ಲಿ ಬೆಳೆದು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿದ್ದ ಕಲಾವಿದ ಕೆ. ವೆಂಕಟಪ್ಪ (1886–1965) ಅವರ ನೆನಪಿಗಾಗಿ ಸರಕಾರ 1970ರ ದಶಕದಲ್ಲಿ ತೆರೆದ ಕಟ್ಟಡ ಅದು. ನಮ್ಮ ಕರಾವಳಿಗೂ ಅದರಲ್ಲಿ ಒಂದು ಪಾಲಿದೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಹೆಸರು ಮಾಡಿದ ಕೆ.ಕೆ. ಹೆಬ್ಬಾರರ ಚಿತ್ರಗಳೂ ಅಲ್ಲಿವೆ.

ಆದರೆ ಆ ಗ್ಯಾಲರಿಯ ನಿಜವಾದ ಉಪಯೋಗ ಗೋಡೆಯ ಮೇಲಿನ ಹಳೆಯ ಚಿತ್ರಗಳಿಗಿಂತ ಹೆಚ್ಚಾಗಿ ಅದರ ಪ್ರದರ್ಶನ ಹಾಲ್‌ಗಳಲ್ಲಿತ್ತು. ಚಿತ್ರಕಲಾ ಶಾಲೆಯಿಂದ ಆಗಷ್ಟೇ ಹೊರಬಂದ ಹುಡುಗ ಅಥವಾ ಹುಡುಗಿ ಒಂದು ಅರ್ಜಿ ಹಾಕಿ, ಕಡಿಮೆ ಬಾಡಿಗೆ ಕಟ್ಟಿ, ತನ್ನ ಮೊದಲ ಪ್ರದರ್ಶನವನ್ನು ಅಲ್ಲಿ ಇಡಬಹುದಾಗಿತ್ತು. ಖಾಸಗಿ ಗ್ಯಾಲರಿಗಳಲ್ಲಿ ಯಾರ ಚಿತ್ರ ತೂಗಬೇಕೆಂದು ಮಾಲಕರು ಆಯ್ಕೆ ಮಾಡುತ್ತಾರೆ, ಮಾರಾಟವಾದರೆ ಕಮಿಷನ್ ಕೂಡಾ ತೆಗೆದುಕೊಳ್ಳುತ್ತಾರೆ. ಸರಕಾರಿ ಹಾಲ್‌ನಲ್ಲಿ ಆ ಎರಡೂ ಇಲ್ಲ. ಬೆಂಗಳೂರಿನಲ್ಲಿ ನೆಂಟರಿಷ್ಟರಾಗಲಿ ಪರಿಚಯವಾಗಲಿ ಇಲ್ಲದ ಸಣ್ಣ ಊರಿನ ಕಲಾವಿದರಿಗೆ ಇದು ಎಷ್ಟು ದೊಡ್ಡ ಬಾಗಿಲು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

2015ರಲ್ಲಿ ರಾಜ್ಯದ ಪ್ರವಾಸೋದ್ಯಮ ಇಲಾಖೆ, ಪ್ರವಾಸಿ ತಾಣಗಳನ್ನು ದತ್ತು ಕೊಡುವ ಯೋಜನೆಯಡಿ, ಈ ಗ್ಯಾಲರಿಯ ಬಗ್ಗೆ ತಸ್ವೀರ್ ಫೌಂಡೇಶನ್ ಎಂಬ ಖಾಸಗಿ ಕಲಾ ಪ್ರತಿಷ್ಠಾನದೊಂದಿಗೆ ಒಡಂಬಡಿಕೆ ಮಾಡಿಕೊಂಡಿತು. ಹಾಲ್ ಬಳಸುತ್ತಿದ್ದ ಕಲಾವಿದರನ್ನು ಯಾರೂ ಕರೆದು ಮಾತಾಡಿಸಿರಲಿಲ್ಲ. ವಿಷಯ ಗೊತ್ತಾದ ಮೇಲೆ ಅವರು ಸೇರಿ ವೇದಿಕೆಯೊಂದನ್ನು ಕಟ್ಟಿಕೊಂಡರು. ಅದು ವಿಎಜಿ ಫೋರಂ ಎಂದು ಹೆಸರಾಯಿತು. 2016ರಲ್ಲಿ ಗ್ಯಾಲರಿಯ ಎದುರು ಅವರು ಪ್ರತಿಭಟನೆಗೆ ಇಳಿದರು.

ಆ ಪ್ರತಿಭಟನೆಯ ರೀತಿ ಗಮನಾರ್ಹ. ಹಿರಿಯ ಕಲಾವಿದರೂ ವಿದ್ಯಾರ್ಥಿಗಳೂ ಒಟ್ಟಿಗೆ ಬಂದರು. ಮಾನವ ಸರಪಳಿ ಆಯಿತು, ಹಾಡಾಯಿತು, ಅಲ್ಲೇ ಕುಳಿತು ಚಿತ್ರ ಬರೆದದ್ದೂ ಆಯಿತು. ಕಲ್ಲು ತೂರಾಟವಿಲ್ಲ, ಬಂದ್ ಇಲ್ಲ. ಕಟ್ಟಡವನ್ನು ಯಾವ ಕೆಲಸಕ್ಕಾಗಿ ಉಳಿಸಬೇಕೆಂದು ಅವರು ಕೇಳುತ್ತಿದ್ದರೋ ಅದೇ ಕೆಲಸವನ್ನು ಅದರ ಎದುರೇ ಮಾಡಿ ತೋರಿಸಿದರು. ‘ಇದು ನಮ್ಮ ಆಸ್ತಿ’ ಎಂದು ಕೂಗುವುದಕ್ಕಿಂತ ‘ಇದನ್ನು ಬಳಸುವವರು ನಾವು, ಇಗೋ ಇಲ್ಲಿದ್ದೇವೆ’ ಎಂದು ನಿಲ್ಲುವುದು ಹೆಚ್ಚು ಪರಿಣಾಮಕಾರಿ ಎಂದು ನನ್ನ ಅನಿಸಿಕೆ.

ಎದುರು ಪಕ್ಷದ ವಾದವೂ ಸುಮ್ಮನೆ ತಳ್ಳಿಹಾಕುವಂಥದ್ದಾಗಿರಲಿಲ್ಲ. ಗ್ಯಾಲರಿ ಆಗ ಸೊರಗಿತ್ತು, ನಿರ್ವಹಣೆ ಚೆನ್ನಾಗಿರಲಿಲ್ಲ. ಇದನ್ನು ಕಲಾವಿದರೂ ಒಪ್ಪುತ್ತಿದ್ದರು. ಹಣವೂ ಪರಿಣತಿಯೂ ಇರುವ ಪ್ರತಿಷ್ಠಾನವೊಂದು ಮುಂದೆ ಬಂದು ಅಂತಾರಾಷ್ಟ್ರೀಯ ಮಟ್ಟದ ಮ್ಯೂಸಿಯಂ ಮಾಡುತ್ತೇನೆ ಎಂದರೆ ಬೇಡ ಎನ್ನುವುದು ಯಾಕೆ? ಕಲಾವಿದರ ಆಕ್ಷೇಪ ದುರಸ್ತಿಯ ಬಗ್ಗೆ ಇರಲಿಲ್ಲ. ದುರಸ್ತಿಯಾದ ಮೇಲೆ ಒಳಗೆ ಏನು ನಡೆಯಬೇಕು, ಯಾರ ಚಿತ್ರ ತೂಗಬೇಕು, ಬಾಡಿಗೆ ಎಷ್ಟಿರಬೇಕು ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಗೆ ಹೋಗುತ್ತದೆ ಎಂಬುದೇ ಅವರ ಪ್ರಶ್ನೆಯಾಗಿತ್ತು. ಈ ಎರಡನ್ನು ಬೇರೆ ಬೇರೆಯಾಗಿ ನೋಡದಿದ್ದರೆ ಇಂಥ ಚರ್ಚೆಗಳೆಲ್ಲ ‘ಅಭಿವೃದ್ಧಿ ಬೇಕೋ ಬೇಡವೋ’ ಎಂಬ ಹಳೇ ಜಗಳದಲ್ಲೇ ಮುಗಿದುಹೋಗುತ್ತವೆ.

ಇಲ್ಲಿ ಇನ್ನೊಂದು ಮಾತು. ಒಂದು ಸರಕಾರಿ ಕಟ್ಟಡ ಒಂದೇ ದಿನದಲ್ಲಿ ಪರರ ಪಾಲಾಗುವುದಿಲ್ಲ. ಮೊದಲು ಮಾಡು ಸೋರುತ್ತದೆ. ಆಮೇಲೆ ಕಾವಲುಗಾರನ ಹುದ್ದೆ ಖಾಲಿ ಬೀಳುತ್ತದೆ. ಶೌಚಾಲಯಕ್ಕೆ ಬೀಗ ಬೀಳುತ್ತದೆ. ಜನ ಬರುವುದು ಕಡಿಮೆಯಾಗುತ್ತದೆ. ಕೊನೆಗೆ ‘ಹೇಗೂ ಯಾರೂ ಬರುವುದಿಲ್ಲವಲ್ಲ’ ಎಂಬ ಟಿಪ್ಪಣಿಯೊಂದಿಗೆ ಕಡತ ಮೇಲಿನ ಮೇಜಿಗೆ ಹೋಗುತ್ತದೆ. ಮಾಡು ಸೋರುವಾಗ ಯಾರೂ ಪ್ರತಿಭಟನೆ ಮಾಡುವುದಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಅಭ್ಯಾಸ ನಮ್ಮೆಲ್ಲರದ್ದೂ ಹೌದು.

‘ದತ್ತು’ ಎಂಬ ಪದವನ್ನೇ ನೋಡಿ. ಕೇಳಲು ಹಿತವಾದ ಪದ. ಆದರೆ ತಂದೆತಾಯಿ ಬದುಕಿರುವ ಮಗುವನ್ನು ಅವರ ಒಪ್ಪಿಗೆಯಿಲ್ಲದೆ ದತ್ತು ಕೊಡಲು ಬರುವುದಿಲ್ಲ. ಕೇಂದ್ರ ಸರಕಾರವೂ 2017ರ ಸೆಪ್ಟೆಂಬರ್‌ನಲ್ಲಿ ‘ಅಪ್ನಿ ಧರೋಹರ್’ ಎಂಬ ಹೆಸರಿನಲ್ಲಿ ಸ್ಮಾರಕಗಳನ್ನು ದತ್ತು ಕೊಡುವ ಯೋಜನೆ ತಂದಿತು. 2018ರಲ್ಲಿ ದಿಲ್ಲಿಯ ಕೆಂಪುಕೋಟೆಯನ್ನು ದಾಲ್ಮಿಯಾ ಭಾರತ್ ಕಂಪೆನಿಗೆ ಐದು ವರ್ಷಕ್ಕೆ 25 ಕೋಟಿ ರೂಪಾಯಿಯ ಬಾಬ್ತಿನಲ್ಲಿ ವಹಿಸಿದಾಗ ದೇಶವೆಲ್ಲ ಗದ್ದಲವಾದದ್ದು ಓದುಗರಿಗೆ ನೆನಪಿರಬಹುದು. 2023ರಲ್ಲಿ ಅದೇ ಯೋಜನೆಯ ಎರಡನೇ ಆವೃತ್ತಿ ಬಂತು. ಆದುದರಿಂದ ವೆಂಕಟಪ್ಪ ಗ್ಯಾಲರಿಯ ಪ್ರಕರಣವನ್ನು ಬೆಂಗಳೂರಿನ ಕಲಾವಿದರ ಒಂದು ಹಳೆಯ ಜಗಳ ಎಂದು ಬದಿಗಿಡುವಂತಿಲ್ಲ.

ಕಾನೂನು ಏನು ಹೇಳುತ್ತದೆ? ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್‌ನಂಥ ಉದ್ಯಾನಗಳಿಗಾಗಿ ಕರ್ನಾಟಕ ಸರಕಾರಿ ಉದ್ಯಾನವನಗಳ (ಸಂರಕ್ಷಣಾ) ಕಾಯ್ದೆ 1975ರಿಂದ ಇದೆ. ಕಾಯ್ದೆಗೆ ಒಳಪಟ್ಟ ಪಾರ್ಕಿನ ಜಾಗವನ್ನಾಗಲಿ ಕಟ್ಟಡವನ್ನಾಗಲಿ ಮಾರಾಟ, ಗೇಣಿ, ದಾನ, ವಿನಿಮಯ, ಅಡಮಾನ ಯಾವ ರೂಪದಲ್ಲೂ ಪರಭಾರೆ ಮಾಡಬಾರದು ಎಂದು, ಕೆಲವು ಸೀಮಿತ ವಿನಾಯಿತಿಗಳನ್ನು ಬಿಟ್ಟು, ಅದು ಹೇಳುತ್ತದೆ. ಜಾಗದ ಜೊತೆಗೆ ‘ಕಟ್ಟಡ’ ಎಂಬ ಪದವೂ ಇರುವುದನ್ನು ಗಮನಿಸಬೇಕು. ಪಾರ್ಕ್ ಎಂದರೆ ಮರಗಿಡ ಮಾತ್ರ ಎಂದು ತಿಳಿದವರು ಬಹಳ. ಇನ್ನು ನಗರ ಪ್ರದೇಶಗಳ ಪಾರ್ಕು, ಆಟದ ಮೈದಾನ, ಬಯಲು ಜಾಗಗಳಿಗೆ 1985ರ ಪ್ರತ್ಯೇಕ ಕಾಯ್ದೆಯಿದೆ.

1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೊಂದು ಇಂಥ ಹೋರಾಟಗಾರರಿಗೆಲ್ಲ ಇಂದಿಗೂ ಆಧಾರ. ಅದೂ ಬೆಂಗಳೂರಿನದ್ದೇ ಪ್ರಕರಣ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು 1976ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಖಾಸಗಿ ಸಂಸ್ಥೆಗೆ ಆಸ್ಪತ್ರೆ ಕಟ್ಟಲು ಕೊಡಲಾಗಿತ್ತು, ಅದೂ ಮುಖ್ಯಮಂತ್ರಿಗಳ ಸೂಚನೆಯ ಮೇರೆಗೆ. ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೇ ಎಂಬುದು ಎದುರು ವಾದ. ಮೇಲ್ನೋಟಕ್ಕೆ ಅದು ಸರಿಯೆನಿಸುತ್ತದೆ, ಆಸ್ಪತ್ರೆ ಬೇಡ ಎನ್ನಲು ಯಾರಿಗೆ ಮನಸ್ಸು ಬಂದೀತು? ಆದರೆ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಎಲ್ಲರಿಗೂ ಸೇರಿದ ಪಾರ್ಕನ್ನು ಖಾಸಗಿ ಆಸ್ಪತ್ರೆಯೊಂದಿಗೆ ಅದಲುಬದಲು ಮಾಡಲಾಗದು, ಮತ್ತು ಪಕ್ಕದ ಮನೆಯವರಿಗೆ ಅದನ್ನು ಪ್ರಶ್ನಿಸುವ ಹಕ್ಕಿದೆ ಎಂದಿತು. ಈ ಎರಡನೆಯ ಭಾಗ ಬಹಳ ಮುಖ್ಯ. ‘ಕೇಳಲು ನೀನು ಯಾರು?’ ಎಂಬ ಸರಕಾರಿ ಪ್ರಶ್ನೆಗೆ ‘ನಾನು ಇಲ್ಲಿಯ ನಿವಾಸಿ’ ಎಂಬ ಉತ್ತರ ಸಾಕು ಎಂದು ಅಂದು ಸ್ಥಿರವಾಯಿತು.

ಹಾಗಿದ್ದರೂ ಕಾನೂನೊಂದೇ ಸಾಲುವುದಿಲ್ಲ. ಒಪ್ಪಂದದ ಕಾಗದದಲ್ಲಿ ಏನಿದೆ ಎಂಬುದೇ ಗೊತ್ತಿಲ್ಲದಿದ್ದರೆ ಕೋರ್ಟಿನಲ್ಲಿ ಪ್ರಶ್ನಿಸುವುದಾದರೂ ಏನನ್ನು? ಈ ವಿಷಯದಲ್ಲಿ ಲಂಡನ್ನಿನ ಒಂದು ಪ್ರಕರಣ ನಮಗೆ ಪಾಠವಾಗಬಲ್ಲದು.

ಅಲ್ಲಿ ಉತ್ತರ ಭಾಗದ ಗುಡ್ಡವೊಂದರ ಮೇಲೆ ದೊಡ್ಡ ಪಾರ್ಕಿನ ನಡುವೆ ಅಲೆಕ್ಸಾಂಡ್ರಾ ಪ್ಯಾಲೇಸ್ ಇದೆ. ಹೆಸರಿಗೆ ಅರಮನೆ, ಆದರೆ ರಾಜರಾಣಿಯರು ವಾಸಿಸಿದ್ದಲ್ಲ, ಜನಸಾಮಾನ್ಯರ ಮನರಂಜನೆಗೆಂದು ಕಟ್ಟಿದ್ದು. 1873ರ ಮೇ ತಿಂಗಳಲ್ಲಿ ತೆರೆದು ಹದಿನಾರೇ ದಿನದಲ್ಲಿ ಸುಟ್ಟುಹೋಯಿತು, 1875ರಲ್ಲಿ ಮತ್ತೆ ಎದ್ದು ನಿಂತಿತು. ಪಾರ್ಕೂ ಕಟ್ಟಡವೂ ಎಂದೆಂದಿಗೂ ಜನರ ಮುಕ್ತ ಬಳಕೆಗೇ ಇರಬೇಕೆಂದು 1900ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಕಾಯ್ದೆ ಮಾಡಿತು. 1936ರಲ್ಲಿ ಬಿಬಿಸಿ ತನ್ನ ಟಿವಿ ಪ್ರಸಾರ ಆರಂಭಿಸಿದ್ದೂ ಅಲ್ಲಿಂದಲೇ. 1980ರಲ್ಲಿ ಮತ್ತೆ ಬೆಂಕಿ ಬಿತ್ತು. ದುರಸ್ತಿಗೆ ಅಂದಾಜು ಮೀರಿ ಖರ್ಚಾಗಿ, ಉಸ್ತುವಾರಿ ಹೊತ್ತಿದ್ದ ಹ್ಯಾರಿಂಗೇ ಕೌನ್ಸಿಲ್‌ಗೆ ಅದೊಂದು ಹೊರೆಯಾಯಿತು. ಕೊನೆಗೆ ಫಿರೋಕಾ ಎಂಬ ಕಂಪೆನಿಗೆ 125 ವರ್ಷಗಳ ಗೇಣಿಗೆ ಕೊಡುವ ತೀರ್ಮಾನವಾಯಿತು.

ಸಾರ್ವಜನಿಕರ ಅಭಿಪ್ರಾಯ ಕೇಳಿದ್ದು ಹೌದು. ಆದರೆ ಗೇಣಿ ಪತ್ರದ ಷರತ್ತುಗಳನ್ನು ಮಾತ್ರ ಬಹಿರಂಗಪಡಿಸಲಿಲ್ಲ! ಒಬ್ಬ ಸ್ಥಳೀಯ ಹೋರಾಟಗಾರರು ಹೈಕೋರ್ಟಿಗೆ ಹೋದರು. ಪತ್ರದಲ್ಲಿ ಏನಿದೆಯೆಂದು ತೋರಿಸದೆ ಅಭಿಪ್ರಾಯ ಕೇಳುವುದು ನ್ಯಾಯವಲ್ಲ ಎಂದು ನ್ಯಾಯಾಲಯ 2007ರ ಅಕ್ಟೋಬರ್‌ನಲ್ಲಿ ಗೇಣಿಗೆ ಕೊಟ್ಟ ಅನುಮತಿಯನ್ನೇ ರದ್ದು ಮಾಡಿತು. ಖಾಸಗಿಯವರಿಗೆ ಕೊಡಲೇಬಾರದು ಎಂದು ಅದು ಹೇಳಲಿಲ್ಲ, ತೋರಿಸಿ ಕೇಳಿ ಎಂದಿತು ಅಷ್ಟೆ. ಆ ಗೇಣಿ ಮತ್ತೆ ಮೇಲೇಳಲಿಲ್ಲ.

ಗೆದ್ದವರಿಗೆ ಆಮೇಲೆ ಸುಖವೇನೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ಕಟ್ಟಡದ ಖರ್ಚು ಹಾಗೇ ಉಳಿಯಿತು, ವರ್ಷಾವರ್ಷ ಲಕ್ಷಗಟ್ಟಲೆ ಪೌಂಡ್ ತೆರಿಗೆ ಹಣ ಅದಕ್ಕೆ ಹೋಯಿತು. ಅದರೊಳಗೆ ದಶಕಗಳ ಕಾಲ ಮುಚ್ಚಿಹೋಗಿದ್ದ ಹಳೆಯ ನಾಟಕ ಶಾಲೆ ಲಾಟರಿ ನಿಧಿಯ ಅನುದಾನದಿಂದ ದುರಸ್ತಿಯಾಗಿ ಪ್ರೇಕ್ಷಕರಿಗೆ ತೆರೆದದ್ದು 2018ರಲ್ಲಿ, ಅಂದರೆ ತೀರ್ಪು ಬಂದು ಹನ್ನೊಂದು ವರ್ಷದ ನಂತರ. ಕಟ್ಟಡ ಉಳಿಸುತ್ತೇವೆ ಎಂದು ಹೊರಡುವವರು ಈ ಹನ್ನೊಂದು ವರ್ಷದ ಲೆಕ್ಕವನ್ನೂ ತಲೆಯಲ್ಲಿಟ್ಟುಕೊಂಡೇ ಹೊರಡಬೇಕು. ತಡೆಯುವುದು ಅರ್ಧ ಕೆಲಸ. ನಡೆಸುವ ಹಣ ಎಲ್ಲಿಂದ, ಬೀಗದ ಕೈ ಯಾರ ಬಳಿ, ವಾರದಲ್ಲಿ ಎಷ್ಟು ದಿನ ಬಾಗಿಲು ತೆರೆದಿರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ಹೋರಾಟ ಎರಡನೇ ಸಲ ಸೋಲುತ್ತದೆ.

ಬೆಂಗಳೂರಿಗೆ ಮರಳೋಣ. ವೆಂಕಟಪ್ಪ ಗ್ಯಾಲರಿಯಲ್ಲಿ ಆ ಪ್ರತಿಷ್ಠಾನದ ಮ್ಯೂಸಿಯಂ ಬರಲಿಲ್ಲ. ಬದಲಿಗೆ ಅದರ ಹಿಂದಿದ್ದವರು ಅದೇ ಕಸ್ತೂರಬಾ ರಸ್ತೆಯಲ್ಲಿ ಬೇರೆ ಜಾಗದಲ್ಲಿ ಕಟ್ಟಡ ಕಟ್ಟಿ, 2023ರ ಫೆಬ್ರವರಿಯಲ್ಲಿ ‘ಮ್ಯಾಪ್’ ಹೆಸರಿನ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವನ್ನು ತೆರೆದರು. ಪ್ರತಿಭಟನೆ ಮಾಡಿದವರನ್ನು ಕಲೆಯ ವಿರೋಧಿಗಳು, ಅಭಿವೃದ್ಧಿಗೆ ಅಡ್ಡಗಾಲು ಹಾಕುವವರು ಎಂದು ದೂರಿದವರಿಗೆ ಇದು ಉತ್ತರ. ಸರಕಾರಿ ಕಟ್ಟಡ ಕೈ ಬದಲಾಯಿಸದೆಯೂ ಹೊಸ ಮ್ಯೂಸಿಯಂ ಬರಲು ಸಾಧ್ಯವಿತ್ತು, ಬಂತು. ನಗರಕ್ಕೆ ನಷ್ಟವೇನೂ ಆಗಲಿಲ್ಲ.

ಈಗ ನಮ್ಮ ಊರಿನ ಮಾತು. ಮಂಗಳೂರಿನ ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯ ಮಗನೊಬ್ಬ, ಕರ್ನಲ್ ಮಿರಾಜ್ಕರ್, ತಾಯಿಯ ನೆನಪಿಗಾಗಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟ ಕಟ್ಟಡ. 1960ರಿಂದ ಜನರಿಗೆ ತೆರೆದಿದೆ. ಶಾಲೆಯಿಂದ ಸಾಲಾಗಿ ಹೋಗಿ ನೋಡಿ ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಆಮೇಲೆ ಎಷ್ಟು ಸಲ ಹೋಗಿದ್ದೇವೆ? ಕದ್ರಿ ಪಾರ್ಕ್, ಬಾವುಟಗುಡ್ಡೆಯ ಟಾಗೋರ್ ಪಾರ್ಕ್, ಉಡುಪಿ, ಕುಂದಾಪುರ, ಕಾರ್ಕಳ ಪೇಟೆಗಳ ಪಾರ್ಕುಗಳು, ಅವುಗಳೊಳಗಿನ ಓದುವ ಕೋಣೆ, ಬಯಲು ರಂಗಮಂದಿರ, ಸಣ್ಣ ಸಭಾಭವನ ಇತ್ಯಾದಿ ಯಾವ ಇಲಾಖೆಯ ಹೆಸರಿನಲ್ಲಿವೆ, ಯಾವುದಾದರೂ ಗುತ್ತಿಗೆಗೆ ಹೋಗಿದೆಯೇ, ಹೋಗಿದ್ದರೆ ಎಷ್ಟು ವರ್ಷಕ್ಕೆ ಎಂದು ಕೇಳಿದರೆ ಪಕ್ಕದ ಮನೆಯವರಿಗೂ ಗೊತ್ತಿರುವುದಿಲ್ಲ.

ತಿಳಿದುಕೊಳ್ಳಲು ದೊಡ್ಡ ಚಳವಳಿ ಬೇಕಾಗಿಲ್ಲ. ಜನರ ಮೇಲೆ ಪರಿಣಾಮ ಬೀರುವ ತೀರ್ಮಾನಗಳ ಎಲ್ಲ ಮುಖ್ಯ ಸಂಗತಿಗಳನ್ನು ಸರಕಾರಿ ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಪ್ರಕಟಿಸದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಅರ್ಜಿಯಲ್ಲಿ ‘ಪಾರ್ಕಿನ ಸ್ಥಿತಿಗತಿ ತಿಳಿಸಿ’ ಎಂದು ಬರೆದರೆ ಉಪಯೋಗವಿಲ್ಲ. ಕಟ್ಟಡದ ಹೆಸರು, ಸರ್ವೆ ನಂಬ್ರ ಹಾಕಿ, ಗುತ್ತಿಗೆ ಅಥವಾ ಒಡಂಬಡಿಕೆ ಪತ್ರದ ಪ್ರತಿ, ಕಳೆದ ಐದು ವರ್ಷದ ದುರಸ್ತಿ ಖರ್ಚಿನ ವಿವರ, ಈ ಎರಡನ್ನೇ ಸ್ಪಷ್ಟವಾಗಿ ಕೇಳಬೇಕು. ಉತ್ತರ ಕೊಡಲು ಕಚೇರಿಗೆ 30 ದಿನಗಳ ಅವಕಾಶವಿದೆ.