ಪರರ ಬದುಕಿನ ಮಾರಾಟ

ಮೈಸೂರಿನ ಲಷ್ಕರ್ ಮೊಹಲ್ಲಾದ ಅಶೋಕ ರಸ್ತೆ ಚಿನ್ನ-ಬೆಳ್ಳಿಯ ವ್ಯಾಪಾರಕ್ಕೂ ಗಿರವಿಯ ವ್ಯವಹಾರಕ್ಕೂ ಹೆಸರಾದ ಬೀದಿ. ಅಲ್ಲಿಯ ವರ್ತಕರಿಗೆ ಎರಡು ನಿಯಮಗಳನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಗಿರವಿಗೆ ಬಂದ ಒಡವೆ ಅಂಗಡಿಯ ತಿಜೋರಿಯಲ್ಲಿದ್ದರೂ ಅದು ಇಟ್ಟವರದು. ಕದ್ದ ಚಿನ್ನವೆಂದು ತಿಳಿದೂ ಕೊಂಡವನು ಕಳ್ಳನ ಜೊತೆಗೇ ಠಾಣೆಯ ಮೆಟ್ಟಿಲು ಹತ್ತಬೇಕು. ಗುಂಜಿ ಬಂಗಾರದ ವಿಷಯದಲ್ಲಿ ಇಷ್ಟು ಎಚ್ಚರದಿಂದಿರುವ ಸಮಾಜವು ಮನುಷ್ಯರ ಏಕಾಂತವನ್ನೂ ನೋವನ್ನೂ ಮಾನವನ್ನೂ ಚಿತ್ರೀಕರಿಸಿ ಮಾರುವ ವ್ಯವಹಾರದ ಬಗ್ಗೆ ಕಣ್ಣು ಮುಚ್ಚಿ ಕುಳಿತಿದೆ ಎನ್ನುವುದುಂಟು. ಕಣ್ಣು ಮುಚ್ಚಿದ್ದರೆ ಒಳಿತೇ ಆಗುತ್ತಿತ್ತು. ಕಣ್ಣು ಬಿಟ್ಟು ನೋಡುತ್ತಿದೆ ಎಂಬುದೇ ದುರಂತ.

1995ರಲ್ಲಿ ತೆರೆಕಂಡ, ಕ್ಯಾಥರಿನ್ ಬಿಗೆಲೋ ನಿರ್ದೇಶನದ ‘ಸ್ಟ್ರೇಂಜ್ ಡೇಸ್’ ಎಂಬ ಅಮೆರಿಕದ ಚಲನಚಿತ್ರವು ಈ ವ್ಯಾಪಾರವನ್ನು ಅದರ ಪರಾಕಾಷ್ಠೆಯಲ್ಲಿ ಕಲ್ಪಿಸಿತ್ತು. 1999ರ ಕೊನೆಯ ದಿನಗಳ ಲಾಸ್ ಏಂಜಲೀಸ್ ನಗರವೇ ಅದರ ಕಥಾಭೂಮಿ. ತಲೆಯ ಮೇಲಿಡುವ ಸಾಧನವೊಂದು ಧರಿಸಿದವರ ನೋಟ, ಸ್ಪರ್ಶ, ಭಾವಗಳನ್ನು ಮಿದುಳಿನಿಂದಲೇ ದಾಖಲಿಸುತ್ತದೆ. ಕೊಂಡವರು ಅದನ್ನು ತಮ್ಮದೇ ಅನುಭವವೆಂಬಂತೆ ಭೋಗಿಸುತ್ತಾರೆ. ಲೆನ್ನಿ ನೀರೊ ಎಂಬ ಮಾಜಿ ಪೊಲೀಸನು ಇದರ ಕಳ್ಳವ್ಯಾಪಾರಿ. ಸಾವಿನ ದಾಖಲೆಗಳನ್ನು ಮಾತ್ರ ಮಾರುವುದಿಲ್ಲವೆಂಬುದು ಅವನು ತನಗೆ ತಾನೇ ಎಳೆದುಕೊಂಡ ಗೆರೆ. ಆದರೆ ಆ ವ್ಯಾಪಾರ ಗೆರೆಯನ್ನು ಅರಿಯದು. ಕೊನೆಗೆ ಅವನ ಪರಿಚಯದ ಹೆಣ್ಣೊಬ್ಬಳ ಕೊಲೆಯ ದಾಖಲೆಯೇ ಅವನ ಕೈಗೆ ಬಂದು ಬೀಳುತ್ತದೆ.

ಇದು ದೂರದೇಶದ ಕಟ್ಟುಕಥೆಯೆಂದು ಕನ್ನಡಿಗರು ನಿಶ್ಚಿಂತರಾಗಿರುವಂತಿಲ್ಲ. 2001ರ ಸುಮಾರಿಗೆ ಯುವಜೋಡಿಯೊಂದು ತಮಗಾಗಿ ಮಾತ್ರ ಮಾಡಿಕೊಂಡಿದ್ದ ಖಾಸಗಿ ಚಿತ್ರಣವು ಅವರ ಕೈಮೀರಿ ಸಿ.ಡಿ.ಗಳಿಗೆ ನಕಲಾಗಿ ಪೇಟೆಗೆ ಬಂದಿತು. ಮಾರಿದವರು ಅದಕ್ಕೆ ಕೆ.ಎಸ್. ನರಸಿಂಹಸ್ವಾಮಿಯವರ 1942ರ ಕವನಸಂಕಲನದ ಹೆಸರನ್ನು ಕದ್ದು ಅಂಟಿಸಿದರು. ದಾಂಪತ್ಯದ ಒಲುಮೆಯನ್ನು ಮನೆಮನೆಗೆ ತಂದ ಹೆಸರು, ಒಲುಮೆಯನ್ನು ಬೀದಿಗೆಳೆದ ಸರಕಿನ ಹೆಸರಾಯಿತು. ಆಗ ಕೇಳಿಬಂದ ಮಾತು ಒಂದೇ: ಅವರು ಚಿತ್ರಿಸಿಕೊಂಡದ್ದೇ ತಪ್ಪಲ್ಲವೇ? ಒಡವೆ ಕಳವಾದಾಗ, ಒಡವೆ ಮಾಡಿಸಿಕೊಂಡದ್ದೇ ತಪ್ಪೆಂದು ಯಾರಾದರೂ ಕಳೆದುಕೊಂಡವರನ್ನು ನಿಂದಿಸುವುದುಂಟೇ?

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಮತದಾನದ ಹೊಸ್ತಿಲಲ್ಲಿ, ಹಾಸನದಲ್ಲಿ ನಡೆದುದು ಇನ್ನೂ ಘೋರ. ದೌರ್ಜನ್ಯಕ್ಕೊಳಗಾದ ಮಹಿಳೆಯರ ದೃಶ್ಯಗಳು ಮುಖಗಳನ್ನೂ ಮರೆಮಾಡದೆ ಪೆನ್‌ಡ್ರೈವ್‌ಗಳಲ್ಲಿ ಹಂಚಲ್ಪಟ್ಟವು. ಅಲ್ಲಿಂದ ಮೊಬೈಲಿನಿಂದ ಮೊಬೈಲಿಗೆ ಹರಿದವು. ಆ ಪ್ರಕರಣಗಳ ಪೈಕಿ ಒಂದರಲ್ಲಿ 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಮಾಜಿ ಸಂಸದರೊಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆದರೆ ಆ ದೃಶ್ಯಗಳನ್ನು ಹಂಚಿದವರು, ತೆರೆದವರು, ಮತ್ತೊಬ್ಬರಿಗೆ ಕಳಿಸಿದವರು ಸಾವಿರಾರು ಮನೆಗಳಲ್ಲಿ ಸಭ್ಯರಾಗಿಯೇ ಉಳಿದಿದ್ದಾರೆ.

ಹಂಚದಿದ್ದರೆ ಅಪರಾಧವೇ ಬೆಳಕಿಗೆ ಬರುತ್ತಿರಲಿಲ್ಲ ಎಂಬ ವಾದವೂ ಉಂಟು. ಸಾಕ್ಷ್ಯಕ್ಕೂ ಸರಕಿಗೂ ಇರುವ ಅಂತರವನ್ನು ಈ ವಾದ ಅಳಿಸಿಬಿಡುತ್ತದೆ. ಮೇಲೆ ಹೇಳಿದ ಚಲನಚಿತ್ರದಲ್ಲಿಯೂ ಕಪ್ಪು ಜನಾಂಗದ ಗಾಯಕನೊಬ್ಬನನ್ನು ಪೊಲೀಸರೇ ಕೊಂದ ದಾಖಲೆಯೊಂದಿದೆ. ಅದು ಪೇಟೆಗೆ ಹೋಗುವುದಿಲ್ಲ. ಪ್ರಾಮಾಣಿಕನಾದ ಹಿರಿಯ ಅಧಿಕಾರಿಯ ಕೈ ಸೇರುತ್ತದೆ, ಅಲ್ಲಿ ನ್ಯಾಯಕ್ಕೆ ದಾರಿ ತೆರೆಯುತ್ತದೆ. ತನಿಖಾಧಿಕಾರಿಗೆ ಒಪ್ಪಿಸಿದ ದಾಖಲೆ ನೊಂದವರನ್ನು ರಕ್ಷಿಸುತ್ತದೆ. ಬೀದಿಯಲ್ಲಿ ಚೆಲ್ಲಿದ ಅದೇ ದಾಖಲೆ ಅವರನ್ನು ಎರಡನೆಯ ಬಾರಿ ಪೀಡಿಸುತ್ತದೆ.

ಶ್ರಾವಕಾಚಾರವು ಈ ವಿವೇಕವನ್ನು ಎಂದೋ ಬೋಧಿಸಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳ ನಡುವೆ ‘ರಹೋಭ್ಯಾಖ್ಯಾನ’ ಎಂಬುದಿದೆ: ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದ್ದನ್ನು ಬಯಲುಮಾಡುವುದು. ಇದು ಬ್ರಹ್ಮಚರ್ಯದ ಅತಿಚಾರಗಳಲ್ಲಿ ಸೇರದೆ ಸತ್ಯದ ಅತಿಚಾರಗಳಲ್ಲಿ ಸೇರಿರುವುದು ಗಮನಾರ್ಹ. ಇಲ್ಲಿ ಎಣಿಕೆಗೆ ಬಂದಿರುವ ದೋಷ ಬಯಲುಮಾಡಿದವರದೇ ಹೊರತು ಏಕಾಂತದಲ್ಲಿದ್ದವರದಲ್ಲ. ‘ದೃಶ್ಯ ನಿಜವಾದದ್ದೇ ತಾನೆ’ ಎಂಬ ಸಮರ್ಥನೆಯೂ ಇದರಿಂದ ಬಿದ್ದುಹೋಗುತ್ತದೆ. ಪರರಿಗೆ ವಿಪತ್ತು ತರುವ ಮಾತು ಸತ್ಯವೇ ಆದರೂ ಆಡಬಾರದೆಂದು ಸಮಂತಭದ್ರಾಚಾರ್ಯರ ರತ್ನಕರಂಡಕವೂ ವಿಧಿಸುತ್ತದೆ. ನಂಬಿ ಇಟ್ಟದ್ದನ್ನು ಅಪಹರಿಸುವ ನ್ಯಾಸಾಪಹಾರವೂ ಇದೇ ಪಟ್ಟಿಯಲ್ಲಿದೆ. ಅಚೌರ್ಯದ ಅತಿಚಾರಗಳಲ್ಲಿ ಕಳ್ಳ ತಂದದ್ದನ್ನು ಸ್ವೀಕರಿಸುವ ‘ತದಾಹೃತಾದಾನ’ವಿದೆ, ಕೃತ್ರಿಮವನ್ನು ಅಸಲೆಂದು ಸಾಗಿಸುವ ‘ಪ್ರತಿರೂಪಕ ವ್ಯವಹಾರ’ವೂ ಇದೆ. ಯಂತ್ರಬುದ್ಧಿಯಿಂದ ಒಬ್ಬರ ದೇಹಕ್ಕೆ ಇನ್ನೊಬ್ಬರ ಮುಖ ಜೋಡಿಸುವ ಇಂದಿನ ವಂಚನೆಗೆ ಇದಕ್ಕಿಂತ ತಕ್ಕ ಹೆಸರು ದೊರೆಯದು. ಚಿತ್ರೀಕರಿಸಿದವನದು ಕೃತ, ಕೇಳಿ ತರಿಸಿಕೊಂಡವನದು ಕಾರಿತ, ನೋಡಿ ಸುಮ್ಮನೆ ನಕ್ಕವನದು ಅನುಮೋದನ. ಮೂರರಲ್ಲಿಯೂ ಕರ್ಮಬಂಧ ತಪ್ಪಿದ್ದಲ್ಲ.

ದೇಶದ ಕಾನೂನೂ ತಡವಾಗಿಯಾದರೂ ಇದೇ ದಿಕ್ಕಿಗೆ ಬಂದಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ವಿಧಿಯು ಒಬ್ಬರ ಖಾಸಗಿ ಅಂಗಗಳನ್ನು ಸಮ್ಮತಿಯಿಲ್ಲದೆ ಚಿತ್ರೀಕರಿಸುವುದನ್ನೂ ಪ್ರಕಟಿಸುವುದನ್ನೂ ರವಾನಿಸುವುದನ್ನೂ ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡುತ್ತದೆ. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಅರ್ಜಿಯನ್ನು ಸಲ್ಲಿಸಿದ್ದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಮೈಸೂರಿನ ಮಹಾರಾಜ ಕಾಲೇಜಿನ ವಿದ್ಯಾರ್ಥಿಯಾಗಿದ್ದವರು. ಆದರೆ ಕಾನೂನು ದೂರು ಬಂದ ಮೇಲೆ ಕಾರ್ಯೋನ್ಮುಖವಾಗುತ್ತದೆ. ವ್ರತವಾದರೋ ಬೆರಳು ಗುಂಡಿಯನ್ನೊತ್ತುವ ಮೊದಲೇ ತಡೆಯಬೇಕು.

ಈ ವಿಷಯದಲ್ಲಿ ಬಸದಿಗಳ ವಿಶ್ವಸ್ತ ಮಂಡಳಿಗಳು ಇತರರತ್ತ ಬೆರಳು ತೋರಿಸಿ ಪಾರಾಗುವಂತಿಲ್ಲ. ಯಾತ್ರಿನಿವಾಸದಲ್ಲಿ, ವಿದ್ಯಾರ್ಥಿನಿಲಯದಲ್ಲಿ ಅಳವಡಿಸಿದ ಕ್ಯಾಮೆರಾದ ದೃಶ್ಯಗಳು ನ್ಯಾಸವೇ ಆಗಿವೆ. ಅವುಗಳನ್ನು ಯಾರು ನೋಡಬಹುದು, ಎಷ್ಟು ದಿನ ಇಡಬಹುದು ಎಂಬ ಲಿಖಿತ ನಿಯಮವಿಲ್ಲದ ಮಂಡಳಿಯು ತಿಜೋರಿಯನ್ನು ತೆರೆದಿಟ್ಟ ಗಿರವಿದಾರನಂತೆ. ಸಲ್ಲೇಖನ ಸ್ವೀಕರಿಸಿದವರ ಅಂತಿಮ ಗಳಿಗೆಗಳನ್ನು ಮೊಬೈಲಿನಲ್ಲಿ ಸೆರೆಹಿಡಿದು ಹರಿಯಬಿಡುವುದನ್ನು ಪ್ರಭಾವನೆಯೆಂದು ಕರೆಯುವವರೂ ಉಂಟು. ದೇಹವನ್ನೇ ತ್ಯಜಿಸುತ್ತಿರುವ ಜೀವದ ಕೊನೆಯ ಉಸಿರು ಯಾರ ಪರಿಗ್ರಹ? ಅದಕ್ಕೆ ಸಮ್ಮತಿ ಕೊಟ್ಟವರಾರು?

ಕುಟುಂಬಗಳಲ್ಲಿ ಆಗಬೇಕಾದ ಕೆಲಸ ಇನ್ನೂ ಸರಳ. ಅಂಥ ದೃಶ್ಯ ಬಂದರೆ ತೆರೆಯಬಾರದು, ಮುಂದೆ ಕಳಿಸಬಾರದು. ಅಪರಾಧದ ಸುಳಿವಿದ್ದರೆ ಪೊಲೀಸರಿಗೆ ತಿಳಿಸಿ, ಇಲ್ಲವಾದರೆ ಅಳಿಸಬೇಕು. ಕಳಿಸಿದವರು ಬಂಧುವಾದರೂ ಇದು ತಪ್ಪೆಂದು ಅವರಿಗೆ ಹೇಳಬೇಕು. ಮನೆಯ ಮಕ್ಕಳೇ ಇಂಥದಕ್ಕೆ ಬಲಿಯಾದಾಗ ಗದರಿಸಿ ಬಾಯಿ ಮುಚ್ಚಿಸದೆ ಅವರ ಪಕ್ಕದಲ್ಲಿ ನಿಲ್ಲಬೇಕು. ಈ ವ್ಯಾಪಾರ ಬದುಕಿರುವುದು ಕೊಳ್ಳುವವರಿಂದ. ಕೊಳ್ಳುವವರಿಲ್ಲದ ದಿನ, ಎಷ್ಟೇ ಚತುರನಾದ ಕಳ್ಳನಿಗೂ ಆ ಸರಕಿನಿಂದ ಬಿಡಿಗಾಸೂ ಹುಟ್ಟದು.