ಕಡತದೊಳಗೆ ನಮ್ಮ ಹೆಸರು ಬೇರೆ

"ನಿಮ್ಮೋರಿಗೆ ಲಿಖಿತ ಇತಿಹಾಸ ಎಲ್ಲಿದೆ?" ಅಂತ ಕೇಳ್ತಾರಲ್ಲ, ದೆಹಲಿಯ ಜನಪಥದಲ್ಲಿರೋ ರಾಷ್ಟ್ರೀಯ ಪತ್ರಾಗಾರದಲ್ಲಿದೆ. 1891ರಲ್ಲಿ ಬ್ರಿಟಿಷರು ಕಲ್ಕತ್ತದಲ್ಲಿ ಶುರು ಮಾಡಿದ ದಾಖಲೆ ಇಲಾಖೆ ಅದು.

ಆದ್ರೆ ಅಲ್ಲಿ 'ದಲಿತ' ಅಂತ ಹುಡುಕಿದ್ರೆ ಸಾಲದು. ಸರ್ಕಾರ ನಮಗಿಟ್ಟ ಹೆಸರಲ್ಲೇ ಹುಡುಕಬೇಕು. ಮೊದಲು 'ಡಿಪ್ರೆಸ್ಡ್ ಕ್ಲಾಸಸ್', 1935ರ ಕಾಯ್ದೆ ಆದ್ಮೇಲೆ 'ಶೆಡ್ಯೂಲ್ಡ್ ಕಾಸ್ಟ್ಸ್'. ಕೆಲವು ಸಲ ಬೈಗುಳವಾಗಿರೋ ಜಾತಿ ಹೆಸರೇ ಬೀಗದಕೈ. ಹೊಟ್ಟೆ ಉರಿಯುತ್ತೆ. ಆದ್ರೂ ಹುಡುಕಿ. ಟಿಪ್ಪಣಿ ಬರೆದೋನು ಅಧಿಕಾರಿ. ಅವನ ಕೈಲಿ ಬರೆಸಿದ್ದು ನಮ್ಮೋರ ಅರ್ಜಿ, ನಮ್ಮೋರ ಹಟ.

ಬಾಬಾಸಾಹೇಬರು ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಕೂತು ಆಳೋರ ಕಾಗದಗಳನ್ನೇ ಓದಿದ್ರು. ವಿದ್ಯಾರ್ಥಿ ಗೆಳೆಯರೇ, ದೆಹಲಿಗೆ ಹೋಗೋಕಾಗದಿದ್ರೆ ಮೊಬೈಲಲ್ಲೇ 'ಅಭಿಲೇಖ್ ಪಟಲ್' ತೆರೀರಿ. ನಮ್ಮಜ್ಜಂದಿರ ಅರ್ಜಿಗೆ ನಾವೇ ಓದುಗರಾಗೋಣ.

ಜೈ ಭೀಮ್.